ಬಾಣಂತಿ ಕೋಣೆಯ ಸುತ್ತೋಲೆಗಳು

ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಮಂಡಿನೋವಿಗೆ ತೋರಿಸಿಕೊಂಡು ಬೆಳ್ಳೂರು ಕ್ರಾಸಿಗೆ ಬಂದು ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಹೋಟೆಲಿನಿಂದ ಬಾಯಿ ಒರೆಸಿಕೊಳ್ಳುತ್ತ ಇಳಿದು ಬಂದವನು ನಮ್ಮ ಹಳೆಯ ಕಚೇರಿಯ ಜೀಪ್ ಡ್ರೈವರ್ ಜವರಪ್ಪ. ನನ್ನನ್ನು ಕಂಡರೆ ದೂರದಿಂದಲೇ ಹಲ್ಲು ಬಿಡುವವನು ಅವತ್ತು ಬಿಡಲಿಲ್ಲ.

"ಮೇಡಮ್ಮೋರೆ, ವಿಸ್ಯ ಗೊತ್ತಾಯ್ತಾ? ಸಾರ್ ಓಗ್ಬುಟ್ರು. ನೆನ್ನೆ ಮಣ್ಣಾಯ್ತು. ನಾಳೆ ಆಲು-ತುಪ್ಪ."

ಯಾವ ಸಾರ್ ಎಂದು ನಾನು ಕೇಳಲಿಲ್ಲ. ಜವರಪ್ಪ ಬರಿದೇ 'ಸಾರ್' ಎನ್ನುತ್ತಿದ್ದದ್ದು ಒಬ್ಬರನ್ನೇ. ಮಿಕ್ಕ ಸಾಹೇಬರಿಗೆಲ್ಲ ಅವನು ಒಂದೊಂದು ಅಡ್ಡಹೆಸರು ಇಟ್ಟಿದ್ದ, ಅವು ಬರೆಯುವಂಥವಲ್ಲ.

"ವಿಚಾರಣೆ ಮುಗಿದಿತ್ತೇನೋ?" ಎಂದೆ. ಸಾವಿನ ಸುದ್ದಿ ಕೇಳಿದವರು ಮೊದಲು ಕೇಳುವ ಮಾತಲ್ಲ ಅದು. ಆದರೂ ನನ್ನ ಬಾಯಿಗೆ ಬಂದದ್ದು ಅದೇ.

"ಎಲ್ ಮುಗೀತದೆ? ನಡೀತಾನೇ ಅದೆ. ಇನ್ ಯಾರ್ನ ಕುಂಡ್ರುಸ್ಕೊಂಡು ಕೇಳ್ತಾರೋ ಕೇಳ್ಕೊಳ್ಲಿ ಬುಡಿ" ಎಂದು ಜವರಪ್ಪ ಮುಖ ಆಚೆ ತಿರುಗಿಸಿಕೊಂಡ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮೇಲಿನ ಕಡತಕ್ಕೆ ಇನ್ನೊಂದು ಹಾಳೆ ಸೇರುತ್ತದೆ, ಅಷ್ಟೆ. ಕಚೇರಿ ಯಾವ ಊರಿನದು ಎಂದೂ ಹೇಳುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಕಡೆ ವರ್ಗವಾಗಿ ಕುರ್ಚಿ ಸವೆಸಿ ನಿವೃತ್ತಳಾದವಳು ನಾನು. ಆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಮನೆಯಿಲ್ಲದವರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರ ಕಂತಿನಲ್ಲಿ ಹಣ ಕೊಡುತ್ತದಲ್ಲ, ಆ ಕೆಲಸ ನಮ್ಮದು. ನನ್ನ ಎದುರು ಮೇಜು ಅವರದು. ಮೇಲಿನಿಂದ ಬರುವ ಸುತ್ತೋಲೆಗಳನ್ನು ಪ್ರಿಂಟ್ ತೆಗೆದು, ಮೇಲೊಂದು ಪತ್ರ ಹೊದಿಸಿ, ತಾಲ್ಲೂಕಿನ ಎಲ್ಲ ಪಂಚಾಯ್ತಿಗಳಿಗೂ ಕಳಿಸುವುದು ಅವರಿಗೆ ವಹಿಸಿದ ಕೆಲಸ. ಅವರು ಕಳಿಸುವ ತನಕ ಯಾವ ಹೊಸ ನಿಯಮವೂ ನಮ್ಮಲ್ಲಿ ಹುಟ್ಟಿದಂತೆ ಅಲ್ಲ.

ಎತ್ತರದ ಆಳು. ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಮಾತಿಗೆ ಮುಂಚೆ ಒಂದು ಸಲ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು, ಆಮೇಲೂ ಎಷ್ಟೋ ಸಲ ಮಾತಾಡುತ್ತಲೇ ಇರಲಿಲ್ಲ. ಅರ್ಜಿ ಹಿಡಿದು ಬಂದವರಿಗೆ ಆಗುವುದಿಲ್ಲ ಎಂದು ಹೇಳಬೇಕಾದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಳ್ಳುವುದು ಅವರ ರೂಢಿ. ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ. "ಕನ್ನಡಕ ತೆಗುದ್ರೆ ಎದುರಿಗಿರೋರ ಮೊಕ ಸರ್ಯಾಗಿ ಕಾಣಲ್ಲ ಕಣಮ್ಮ. ಏಳೋಕೆ ಸಲೀಸು" ಎಂದರು. ಅವರ ಮೂಗಿನ ಮೇಲೆ ಕನ್ನಡಕವಿಲ್ಲದಿದ್ದರೆ ಬಂದವರ ಗ್ರಹಚಾರ ಕೆಟ್ಟಿತೆಂದೇ ನಾವು ತಿಳಿಯುತ್ತಿದ್ದೆವು. ಅವರ ಸೇವೆಯ ಕೊನೆಯ ವರ್ಷಗಳಲ್ಲಿ ಆ ಕನ್ನಡಕ ಮೂಗಿನ ಮೇಲೆ ಇದ್ದದ್ದೇ ಕಡಿಮೆ.

ಒಂದು ಸಲ ನಮ್ಮನ್ನೆಲ್ಲ ಹೊಸ ಮಾರ್ಗಸೂಚಿಯ ತರಬೇತಿಗೆ ಕರೆಸಿದ್ದರು. ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ತೋರಿಸಿ, ಬೆಳಗಿನಿಂದ ಊಟದ ಹೊತ್ತಿನ ತನಕ ವಿವರಿಸಿದ ಅಧಿಕಾರಿ ಕೊನೆಗೆ "ಪ್ರಶ್ನೆ ಏನಾದರೂ ಇದೆಯಾ?" ಎಂದರು. ಎಲ್ಲರ ಮೂಗಿಗೂ ಆಚೆಯಿಂದ ಸಾರಿನ ವಾಸನೆ ಬಡಿಯುತ್ತಿತ್ತು, ಪ್ರಶ್ನೆ ಯಾರಿಗೆ ಬೇಕು? ಇವರು ಎದ್ದು ನಿಂತರು.

"ಸಾರ್, ಈ ರೂಲ್ಸಿನ ಆಯಸ್ಸು ಎಷ್ಟು?"

"ಅಂದ್ರೆ?"

"ಎಷ್ಟ್ ದಿನ ಇರ್ತದೆ ಅಂತ ಸಾರ್."

"ಅಗತ್ಯ ಬಿದ್ದಾಗ ಬದಲಾಗುತ್ತೆ ಕಣ್ರೀ. ಅದನ್ನೆಲ್ಲ ಈಗಲೇ ಹೇಳೋಕಾಗುತ್ತಾ?"

"ಅಂಗಾದ್ರೆ ಬರ್ಕೊಳಲ್ಲ ಸಾರ್, ಬರೀ ಕೇಳ್ಕೋತೀನಿ" ಎಂದು ಕೂತರು. ಇಡೀ ಸಭೆ ನಕ್ಕಿತು. ಅವರು ನಗಿಸಲು ಹೇಳಿದ್ದಲ್ಲ.

ಅವರಿಗೆ ಒಂದೇ ಒಂದು ಆಸೆ ಇತ್ತು. ಒಂದು ನಿಯಮ ಮಾಡಿದ ಮೇಲೆ ಐದು ವರ್ಷ ಅದನ್ನು ಯಾರೂ ಮುಟ್ಟಕೂಡದು ಎಂದು ಸರ್ಕಾರವೇ ಒಂದು ನಿಯಮ ಮಾಡಬೇಕು. ತಪಾಸಣೆಗೆ ಬಂದ ಅಧಿಕಾರಿಗಳಿಗೆ, ಶಾಸಕರ ಸಹಾಯಕರಿಗೆ, ಗಣಪತಿ ಚಂದಾ ಕೇಳಲು ಬಂದ ಹುಡುಗರಿಗೆ, ಎಲ್ಲರಿಗೂ ಇದನ್ನೇ ಹೇಳುತ್ತಿದ್ದರು. "ನಾಟಿ ಆದ್ಮೇಲೆ ಗದ್ದೆ ಬದ ಕೀಳ್ತಾರೇನ್ರಪ್ಪ? ಕೊಯ್ಲಾಗ್ಲಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ಲಿ" ಎನ್ನುವರು. ಅವರ ತಮ್ಮ ಊರಲ್ಲಿ ಗದ್ದೆ ಮಾಡುತ್ತಿದ್ದ, ಅವರ ಹೋಲಿಕೆಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಜವರಪ್ಪ ಮಾತ್ರ ಸುಮ್ಮನಿರುತ್ತಿರಲಿಲ್ಲ. "ಆ ಐದ್ ವರ್ಸದ ರೂಲ್ಸಿಗೇ ಬರೋ ತಿಂಗ್ಳು ತಿದ್ದುಪಡಿ ತತ್ತಾರೆ ಬುಡಿ ಸಾರ್" ಎಂದು ರೇಗಿಸುವನು.

ಅವರಿಗೆ ಈ ಹುಚ್ಚು ಹಿಡಿದದ್ದು ಹೇಗೆಂದು ಹೇಳಿದವನೂ ಜವರಪ್ಪನೇ. ಒಂದು ಊರಿನಲ್ಲಿ ಗಂಡ ಹೆಂಡತಿ ಮನೆಗೆ ಪಾಯ ಹಾಕಿಸಿದ್ದರು. ಆಗಿದ್ದ ನಿಯಮಕ್ಕೆ ಅಳತೆ ಸರಿಯಾಗಿಯೇ ಇತ್ತು. ಪಾಯ ಮುಗಿಯುವ ಹೊತ್ತಿಗೆ ಸುತ್ತೋಲೆ ಬಂತು: ಮನೆ ಇಷ್ಟಕ್ಕಿಂತ ದೊಡ್ಡದಾದರೆ ಕಂತು ಇಲ್ಲ. ಗಂಡ ಹೆಂಡತಿ ಒಂದು ಕಡೆಯ ಪಾಯ ಕಿತ್ತು ಒಳಕ್ಕೆ ತಂದುಕೊಂಡರು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಂತು: ಅಡುಗೆಮನೆ, ಕಕ್ಕಸು ಎರಡೂ ಒಳಗೇ ಇರತಕ್ಕದ್ದು. ಹಾಗಾದರೆ ಮೊದಲಿನ ಅಳತೆಯೇ ಬೇಕು. ಇವರು ಸ್ಥಳ ತನಿಖೆಗೆಂದು ಹೋದಾಗ ಹೆಂಗಸು ಹಾರೆ ಹಿಡಿದು ತನ್ನ ಕೈಯಾರೆ ಹಾಕಿದ ಕಲ್ಲುಗಳನ್ನು ಮೀಟುತ್ತಿದ್ದಳಂತೆ. ಇವರನ್ನು ನೋಡಿ ಹಾರೆ ಕೆಳಗಿಟ್ಟು ಕೇಳಿದಳಂತೆ:

"ಸ್ವಾಮಿ, ಇದೇ ಕಡೇದಾ? ಇಲ್ಲಾ ಇನ್ನೊಂದ್ಸತಿ ಕೀಳ್ಬೇಕಾ? ಏಳ್ಬುಡಿ. ಕೀಳಂಗಿದ್ರೆ ಸಿಮೆಂಟು ಒಸಿ ಕಡ್ಮೆ ಆಕ್ತೀವಿ."

ಅವಳು ಕುಹಕ ಆಡಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಅದೇ ಅವರನ್ನು ಇರಿದದ್ದು. ಅವತ್ತು ಡಬ್ಬಿಯಲ್ಲಿದ್ದ ಮುದ್ದೆ ಬಸ್ಸಾರನ್ನು ಬೀದಿ ನಾಯಿಗೆ ಹಾಕಿ ಬಂದರಂತೆ.

ಮಾರನೆಯ ದಿನದಿಂದ ಅವರ ಮೇಜಿನ ಕೆಳಗಿನ ಡ್ರಾಯರು ಬಾಣಂತಿ ಕೋಣೆಯಾಯಿತು. ಆ ಹೆಸರು ಅವರೇ ಇಟ್ಟದ್ದು. ನಮ್ಮ ಕಡೆ ಹೆತ್ತ ಮನೆಯಲ್ಲಿ ಮೂರು ತಿಂಗಳು ತುಂಬುವ ತನಕ ಬಾಣಂತಿಯನ್ನೂ ಕೂಸನ್ನೂ ಗಾಳಿಗೆ ಬಿಡುವುದಿಲ್ಲ. ಹಾಗೆಯೇ ಹೊಸ ಸುತ್ತೋಲೆ ಬಂದರೆ ಅದನ್ನು ಒಳಗಿಟ್ಟು ಡ್ರಾಯರು ಮುಚ್ಚುವರು. "ಅಸುಗೂಸು ಕಣಮ್ಮ, ಈಗ್ಲೇ ಆಚೆ ತರಬಾರ್ದು" ಎನ್ನುವರು. ಆಮೇಲೆ ಯಾರ ಯಾರ ಮನೆ ಅರ್ಧಕ್ಕೆ ನಿಂತಿದೆಯೋ ಅವರಿಗೆಲ್ಲ ಹೇಳಿ ಕಳಿಸುವರು, ಬೇಗ ಮುಗಿಸ್ಕೊಳ್ರಪ್ಪ ಎಂದು. ಯಾಕೆ ಬೇಗ ಎಂದು ಹೇಳುತ್ತಿರಲಿಲ್ಲ. ಆ ಮನೆಗಳು ಹಳೆಯ ನಿಯಮದಲ್ಲೇ ಛಾವಣಿ ಕಂಡ ಮೇಲೆ ಸುತ್ತೋಲೆ ಪಂಚಾಯ್ತಿಗೆ ಹೋಗುವುದು. ಎಷ್ಟೋ ಸಲ ಮೂರು ತಿಂಗಳು ತುಂಬುವುದರೊಳಗೆ ಆ ಸುತ್ತೋಲೆಯನ್ನು ರದ್ದು ಮಾಡುವ ಇನ್ನೊಂದು ಸುತ್ತೋಲೆ ಬಂದು, ಎರಡೂ ಒಳಗೇ ತಣ್ಣಗಾಗುತ್ತಿದ್ದವು. ಹೊರಗೆ ಒಂದು ಕಲ್ಲೂ ಕದಲುತ್ತಿರಲಿಲ್ಲ. ಸರ್ಕಾರ ಮಾಡದ ಐದು ವರ್ಷದ ಕಾನೂನನ್ನು ಒಬ್ಬ ಗುಮಾಸ್ತ ಒಂದು ಡ್ರಾಯರಿನಲ್ಲಿ ತನ್ನ ಕೈಲಾದಷ್ಟು ಜಾರಿಗೆ ತಂದಿದ್ದ.

ಇದು ತಪ್ಪೆಂದು ನಮಗೆಲ್ಲ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ, ಎದುರಿಗೇ ಕೇಳಿದೆ: "ಎಲ್ಲ ಕೂಸೂ ಒಂದೇ ಥರ ಅಂತ ಹೇಗೆ ಸಾರ್ ಗೊತ್ತು? ಒಂದಾದ್ರೂ ಒಳ್ಳೇದು ಬರಲ್ವಾ?"

"ಇಷ್ಟ್ ವರ್ಸದಲ್ಲಿ ಬಡವರ ಕಡೆ ಮೊಕ ಮಾಡ್ಕೊಂಡು ಉಟ್ಟಿದ್ದು ಒಂದ್ ತೋರ್ಸಮ್ಮ, ಅವತ್ತೇ ಆಚೆ ತತ್ತೀನಿ" ಎಂದರು.

ಮೊದಮೊದಲು ಪ್ರತಿಯೊಂದನ್ನೂ ಓದಿಯೇ ಒಳಗಿಡುತ್ತಿದ್ದರು. ಬರುಬರುತ್ತ ಬರುವುದು ಹೆಚ್ಚಾಯಿತು. ತಿದ್ದುಪಡಿ, ತಿದ್ದುಪಡಿಗೆ ಸ್ಪಷ್ಟೀಕರಣ, ಸ್ಪಷ್ಟೀಕರಣಕ್ಕೆ ತಿದ್ದುಪಡಿ. ಓದುತ್ತ ಕೂತರೆ ಕೆಲಸಕ್ಕೆ ಹೊತ್ತಿಲ್ಲ, ಕೆಲಸಕ್ಕೆ ಕೂತರೆ ಓದಲು ಹೊತ್ತಿಲ್ಲ. ಕೊನೆಕೊನೆಗೆ ಅವರು ವಿಷಯ ಎಂದು ದಪ್ಪಕ್ಷರದಲ್ಲಿ ಇರುತ್ತದಲ್ಲ, ಆ ಒಂದು ಸಾಲು ನೋಡುವರು. ಅದರಲ್ಲಿ 'ತಿದ್ದುಪಡಿ' ಎಂಬ ಮಾತು ಕಂಡರೆ ಮುಂದಕ್ಕೆ ಓದದೆ ಕಾಲಿನಲ್ಲೇ ಡ್ರಾಯರು ಎಳೆದು ಹಾಕಿ ಕಾಲಿನಲ್ಲೇ ತಳ್ಳುವರು. ಆ ಕಾಲಿನ ತಳ್ಳು ನನಗೆ ಇಷ್ಟವಾಗುತ್ತಿರಲಿಲ್ಲ.

ಇನ್ನು ಚಿಕ್ಕತಾಯಮ್ಮನ ವಿಷಯ. ಅವಳು ನಮ್ಮ ಕಚೇರಿಯ ಮೆಟ್ಟಿಲ ಪಕ್ಕ ಸೊಪ್ಪು ಇಟ್ಟುಕೊಂಡು ಕೂರುತ್ತಿದ್ದಳು. ಕೀರೆ, ದಂಟು, ಸಬ್ಬಸಿಗೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿಲ್ಲ. ಮೈದುನನ ದನದ ಕೊಟ್ಟಿಗೆಯ ಗೋಡೆಗೆ ತಗಡು ಒರಗಿಸಿಕೊಂಡು ಅದರ ಕೆಳಗೆ ಇದ್ದಳು. ಬಾಗಿಲಿಗೆ ಬದಲು ಗೋಣಿತಾಟು. "ನಾಯಿನೂ ಎತ್ಕೊಂಡು ಬತ್ತದೆ, ಕುಡ್ದೋರೂ ಎತ್ಕೊಂಡು ಬತ್ತಾರೆ. ಒಂದಗಳಿ ಆಕ್ಕೊಂಡು ಮಲೀಕಬೇಕು ಸ್ವಾಮಿ, ಇನ್ನೇನ್ ಬ್ಯಾಡ ನಂಗೆ" ಎನ್ನುವಳು. ಅವಳ ಮಾವನ ಕಾಲದಿಂದಲೂ ಅವಳ ಪಾಲಿಗೆ ಊರೊಳಗೆ ಒಂದು ತುಂಡು ಜಾಗ ಇತ್ತು. ಊರಿಗೆಲ್ಲ ಗೊತ್ತು, ಕಾಗದದಲ್ಲಿ ಮಾತ್ರ ಇರಲಿಲ್ಲ. ಜಾಗದ ಹಕ್ಕುಪತ್ರ ಇಲ್ಲದವರಿಗೆ ಮನೆ ಇಲ್ಲ ಎಂಬುದು ಆಗಿನ ನಿಯಮ.

ಇವರು ದಿನಾ ಸಂಜೆ ಅವಳ ಹತ್ತಿರವೇ ಸೊಪ್ಪು ಕೊಳ್ಳುತ್ತಿದ್ದರು. ಅವಳು ದಿನಾ ಕೇಳುವಳು, "ನಂದೇನಾರ ಆಯ್ತದಾ ಸ್ವಾಮಿ?" ಇವರು ಕನ್ನಡಕ ತೆಗೆಯುವರು. "ನಿಂಗಿನ್ನೂ ರೂಲ್ಸ್ ಬಂದಿಲ್ಲ ಕಣವ್ವ. ಬಂದ್ ದಿವ್ಸ ನಾನೇ ನಿಮ್ಮೂರ್ಗೆ ಬಂದು ಏಳ್ತೀನಿ, ನೀ ಬಂದು ಕೇಳೋದೂ ಬ್ಯಾಡ." ಅವಳು ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕುವಳು. ಇದು ವರ್ಷಗಟ್ಟಲೆ ನಡೆಯಿತು. ನೋಡುವವರಿಗೆ ಅಣ್ಣ ತಂಗಿ ಮಾತಾಡಿಕೊಂಡ ಹಾಗೆ ಇರುತ್ತಿತ್ತು.

ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಬುಟ್ಟಿಯನ್ನು ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಬಂದಳು. ಅವಳು ಒಳಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಿಟ್ಟಾಗಿರಲಿಲ್ಲ, ಗೊಂದಲದಲ್ಲಿದ್ದಳು.

"ಸ್ವಾಮಿ, ಬಾಬುರಾಯನಕೊಪ್ಪಲು ತಾವ ನಮ್ಮಕ್ಕನ್ನ ಕೊಟ್ಟದಲ್ಲ, ಅವ್ಳಿಗೆ ಮನೆ ಆಯ್ತು. ಅವ್ಳಿಗೂ ಪತ್ರ ಇರ್ನಿಲ್ಲ. ಪಂಚಾಯ್ತೀರು ಬರ್ಕೊಟ್ರೆ ಸಾಕು ಅಂತ ರೂಲ್ಸ್ ಬಂತಂತೆ. ನಮ್ ತಾಲ್ಲೂಕಿಗೆ ಬರ್ನಿಲ್ವಾ?"

ಅವರು 'ಬರಲಿಲ್ಲ' ಎಂದೇ ಹೇಳಲು ಬಾಯಿ ತೆರೆದರು. ಹಾಗೆಯೇ ನಿಂತರು. ನೀನು ಆಚೆ ಕೂತಿರವ್ವ, ನೋಡ್ತೀನಿ ಎಂದು ಅವಳನ್ನು ಕಳಿಸಿ, ಕೆಳಗಿನ ಡ್ರಾಯರು ಎಳೆದು, ಇದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದುಕೊಂಡರು. ಒಂದೊಂದಾಗಿ ತೆಗೆದು ಓದುತ್ತ ಹೋದರು. ನಿಂತೇ ಓದಿದರು. ಮಧ್ಯದಲ್ಲೆಲ್ಲೋ ಅವರ ಕೈ ನಿಂತಿತು. ನಾನು ಎದ್ದು ಹೋಗಿ ಅವರ ಭುಜದ ಮೇಲಿನಿಂದ ನೋಡಿದೆ. 'ಫಲಾನುಭವಿಗಳ ಆಯ್ಕೆ ಕುರಿತ ತಿದ್ದುಪಡಿ.' ಒಳಗೆ ಎರಡನೆಯ ಪುಟದಲ್ಲಿತ್ತು. ಹಕ್ಕುಪತ್ರವಿಲ್ಲದೆ ತಲೆಮಾರಿನಿಂದ ಅನುಭವದಲ್ಲಿರುವ ಜಾಗಕ್ಕೆ ಪಂಚಾಯ್ತಿ ದೃಢೀಕರಿಸಿದರೆ ಸಾಕು, ಇಂಥ ದಿನದೊಳಗೆ ಅರ್ಜಿ ಕಳಿಸತಕ್ಕದ್ದು. ಆ ದಿನ ದಾಟಿತ್ತು. ಅದರ ಮೇಲೆಯೇ ಇನ್ನೊಂದು ಇತ್ತು, ಅದನ್ನೂ ಓದಿರಲಿಲ್ಲ: ಸದರಿ ಸಡಿಲಿಕೆಯನ್ನು ಹಿಂಪಡೆಯಲಾಗಿದೆ. ಚಿಕ್ಕತಾಯಮ್ಮನಿಗೆ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಎರಡೂ ಆ ಡ್ರಾಯರಿನ ಒಳಗೇ ಆಗಿಹೋಗಿತ್ತು.

ಅಷ್ಟು ವರ್ಷ ಯಾವ ಒಂದು ನಿಯಮ ಬದಲಾಗಲಿ ಎಂದು ಅವರು ಕಾದಿದ್ದರೋ, ಅದು ಬದಲಾಗಿ ಬಂದಾಗ ಅದನ್ನು ಒಳಕ್ಕೆ ತಳ್ಳಿದ್ದು ಅವರದೇ ಕಾಲು. ನನಗೆ ಅವರ ಮೇಲೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. ಇವತ್ತಿಗೂ ಆ ಸಿಟ್ಟು ಪೂರ್ತಿ ಹೋಗಿಲ್ಲ. ಎರಡು ಪುಟ ಓದಲು ಎಷ್ಟು ಹೊತ್ತು ಬೇಕಿತ್ತು?

ಜವರಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಮೆಲ್ಲಗೆ ಒಳಗೆ ಬಂದು ಹೇಳಿದ: "ಸಾರ್, ಬಂದಿತ್ತು, ಮತ್ತೆ ರೂಲ್ಸು ಬದ್ಲಾಯ್ತು ಅನ್ಬುಡಿ. ಸುಳ್ಳೇನಲ್ವಲ್ಲ. ದಿನಾ ಬದ್ಲಾಯ್ತದೆ ಅಂತ ಆಯಮ್ಮಂಗೂ ಗೊತ್ತು. ಯಾರ್ ಬಂದು ಕೇಳ್ತಾರೆ?"

ಹೌದು, ಯಾರೂ ಕೇಳುತ್ತಿರಲಿಲ್ಲ. ಆ ಒಂದು ಮಾತು ಹೇಳಿ ಎಷ್ಟೆಷ್ಟೋ ಕಚೇರಿಗಳು ಎಷ್ಟೆಷ್ಟೋ ಪಾಪ ತೊಳೆದುಕೊಂಡಿವೆ. ಅವರು ಸುತ್ತೋಲೆಗಳನ್ನು ಮೇಜಿನ ಮೇಲೇ ಬಿಟ್ಟರು. ಹೊರಗೆ ಹೋಗಿ, ಮೆಟ್ಟಿಲ ಮೇಲೆ ಬುಟ್ಟಿಯ ಪಕ್ಕ, ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ಕೂತುಬಿಟ್ಟರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರು ಕನ್ನಡಕ ತೆಗೆಯಲಿಲ್ಲ. ಅವಳ ಮುಖ ನೋಡಿಕೊಂಡೇ ಮಾತಾಡಿದರು. ಚಿಕ್ಕತಾಯಮ್ಮ ಸೊಪ್ಪಿನ ಕಟ್ಟು ಕಟ್ಟುತ್ತಲೇ ಕೇಳಿಸಿಕೊಂಡಳು. ಮಾತು ಮುಗಿದ ಮೇಲೂ ಕಟ್ಟುತ್ತಿದ್ದಳು. ಆಮೇಲೆ ಎಂದಿನ ಹಾಗೆ ಒಂದು ಕಟ್ಟು ಅವರ ಕೈಗಿಟ್ಟು, ಬುಟ್ಟಿ ತಲೆಗೇರಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮತ್ತೆ ಆ ಮೆಟ್ಟಿಲಿಗೆ ಬರಲಿಲ್ಲ.

ಅವರು ಅವತ್ತೇ ಮಧ್ಯಾಹ್ನ ಸಾಹೇಬರ ಮುಂದೆ ಹೋಗಿ ನಿಂತರು. ಆಗಿನ ಸಾಹೇಬರು ಕೆಟ್ಟವರಲ್ಲ, ಹೊಸಬರು, ಹೆದರುವ ಪ್ರಾಯ. ಎಲ್ಲ ಕೇಳಿ ತಲೆ ಹಿಡಿದುಕೊಂಡರು. "ಒಬ್ಬಳಿಗಲ್ಲ ಕಣ್ರೀ, ಇಡೀ ತಾಲ್ಲೂಕಿಗೆ ತಪ್ಪಿಸಿದ್ದೀರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನೋ ಹಾಗಾಯ್ತಲ್ಲ!"

"ಹೌದು ಸಾರ್. ಪೂಜಾರಿ ತಪ್ಪಿಗೆ ಭಕ್ತರಿಗೆ ಶಿಕ್ಷೆ ಬ್ಯಾಡ. ನನ್ ಎಸರು ಬರುದು, ತಪ್ಪು ಕಚೇರೀದು ಅಂತ ಮೇಲಕ್ಕೆ ಕಳ್ಸಿ. ನಮ್ ತಾಲ್ಲೂಕಿಗೆ ಗಡುವು ಮುಂದುಕ್ಕಾಕ್ಲಿ."

"ಬರೆದ್ರೆ ನಿಮ್ಮ ಕುತ್ತಿಗೆಗೆ ಬರುತ್ತೆ."

"ಬರ್ಲಿ ಸಾರ್."

ಸಾಹೇಬರು ಬರೆದರು. ಉತ್ತರ ಬೇಗನೇ ಬಂತು. ಗಡುವು ವಿಸ್ತರಿಸಲು ನಿಯಮದಲ್ಲಿ ಅವಕಾಶವಿಲ್ಲ. ನಾನೇ ಅದನ್ನು ಓದಿದ್ದು. ಓದಿ ಮೈ ಉರಿದುಹೋಯಿತು. ಬೆಳಗಾದರೆ ಒಂದು ಬಣ್ಣ, ಬೈಗಾದರೆ ಒಂದು ಬಣ್ಣ ತಾಳುತ್ತಿದ್ದ ನಿಯಮ, ಬಡವಳೊಬ್ಬಳಿಗಾಗಿ ಬದಲಾಗು ಎಂದಾಗ ಮಾತ್ರ ಗುಂಡುಕಲ್ಲಿನ ಹಾಗೆ ಕೂತಿತು. ಅದೇ ಲಕೋಟೆಯಲ್ಲಿ ಅವರನ್ನು ಅಮಾನತು ಮಾಡಿದ ಆದೇಶವೂ ಇತ್ತು.

ಆಮೇಲೆ ಊರ ಬಾಯಿ ಸುಮ್ಮನಿರುತ್ತದೆಯೇ? ದುಡ್ಡು ತಿಂದು ಸುತ್ತೋಲೆ ಮುಚ್ಚಿಟ್ಟಿದ್ದನಂತೆ ಎಂದರು. ಯಾರ ದುಡ್ಡು, ಯಾತಕ್ಕೆ ಎಂದು ಕೇಳಿದವರಿಲ್ಲ. ವಿಚಾರಣೆಗೆ ಮೊದಲು ಬಂದ ಅಧಿಕಾರಿ ಕೇಳಿದರಂತೆ, "ಯಾವ ನಿಯಮದ ಪ್ರಕಾರ ಸುತ್ತೋಲೆ ಇಟ್ಕೊಂಡ್ರಿ?" ಎಂದು. "ಅಂಥ ನಿಯಮ ಇಲ್ಲ ಸಾರ್. ಇಲ್ಲದ್ದಕ್ಕೇ ಇಟ್ಕೊಂಡೆ" ಎಂದರಂತೆ ಇವರು. ಅದು ಉಡಾಫೆಯ ಉತ್ತರ ಎಂದು ದಾಖಲಾಯಿತು. ಆ ಅಧಿಕಾರಿ ವರ್ಗವಾದರು. ಎರಡನೆಯವರು ಮೊದಲಿನಿಂದ ಶುರು ಮಾಡಿದರು. ಅವರೂ ವರ್ಗವಾದರು. ಅಷ್ಟರಲ್ಲಿ ವಿಚಾರಣೆಯ ವಿಧಾನವೇ ಬದಲಾಯಿತೆಂದು ಮೂರನೆಯವರು ಹೊಸದಾಗಿ ಹೇಳಿಕೆ ಕೊಡಿ ಎಂದರು. ಇವರು ಪ್ರತಿ ಸಲವೂ ಅದೇ ಹೇಳಿಕೆ ಕೊಟ್ಟರು. ಈ ನಡುವೆ ನಿವೃತ್ತಿಯ ದಿನ ಬಂದು ಹೋಯಿತು. ಹಾರವಿಲ್ಲ, ಶಾಲು ಇಲ್ಲ. ವಿಚಾರಣೆ ಮುಗಿಯದೆ ಪೂರ್ತಿ ಪಿಂಚಣಿ ಇಲ್ಲ ಎಂದರು.

ಅವರು ಬದುಕಿದ್ದಾಗ ನಾನು ಅವರ ಊರಿಗೆ ಹೋದದ್ದು ಒಂದೇ ಸಲ, ಅದೂ ಬೈಯಬೇಕೆಂದೇ. ಅವರ ಊರು ನಾಗಮಂಗಲದ ಆಚೆ. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ಇವರು ಜಗಲಿಯ ಮೇಲೆ ಕೂತಿದ್ದರು. ಮೈ ಅರ್ಧವಾಗಿತ್ತು, ಕುತ್ತಿಗೆ ಇನ್ನೂ ಬಾಗಿತ್ತು.

"ಸಾರ್, ನೀವು ಉಳಿಸಿದ ಮನೆಗಳು ತಾಲ್ಲೂಕಿನ ತುಂಬಾ ಇವೆ. ಪಾಯ ಕೀಳದೆ ಉಳಿದವರು ಒಬ್ಬರಾದ್ರೂ ಬಂದು ನಿಮ್ಮ ಪರ ಸಾಕ್ಷಿ ಹೇಳಬಾರದಾ? ನೀವು ಕರೀಬಾರದಾ?"

"ಅವ್ರಿಗೆ ಗೊತ್ತೇ ಇಲ್ವಲ್ಲಮ್ಮ. ಗೊತ್ತು ಮಾಡಿದ್ರೆ ಏನಾಯ್ತದೆ? ಹೊಸ ರೂಲ್ಸ್ ಬಂದ್ಮೇಲೂ ಹಳೇ ಅಳತೇಲಿ ಕಟ್ಕೊಂಡವ್ರೆ ಅಂತ ಅವ್ರ ಕಂತೆಲ್ಲ ವಾಪಸ್ ಕೇಳ್ತಾರೆ. ನನ್ನ ಉಳುಸ್ಕೊಳ್ಳೋಕೆ ಅವರ ಮನೆ ಮೇಲೆ ಕೈ ಆಕ್ಲಾ?"

ನನ್ನ ಬೈಗುಳ ಅಲ್ಲಿಗೆ ಒಣಗಿತು. ಆಮೇಲೆ ಅವರೇ ಗಂಟಲು ಸರಿ ಮಾಡಿಕೊಂಡರು.

"ಐದ್ ವರ್ಸ ಮುಟ್ಬಾರ್ದು ಅಂತ ಅಷ್ಟು ಬಡ್ಕೊತಿದ್ನಲ್ಲ. ಈಗ ಕುಂತು ಕುಂತು ಅದೇ ಯೋಚ್ನೆ ಕಣಮ್ಮ. ನಾನ್ ಏಳಿದಂಗೇ ಆಗಿದ್ರೆ ಒಳ್ಳೇ ರೂಲ್ಸು ಐದ್ ವರ್ಸ ಉಳೀತಿತ್ತು, ಸರಿ. ಕೆಟ್ಟದ್ದೂ ಐದ್ ವರ್ಸ ಉಳೀತಿತ್ತು. ಪತ್ರ ಇಲ್ದೋರಿಗೆ ಮನೆ ಇಲ್ಲ ಅನ್ನೋದಕ್ಕೂ ಆಯಸ್ಸು ಕೊಟ್ಟಂಗೇ ಅಲ್ವಾ? ಅಂಗಂತ ದಿನಾ ಬದಲಾಯ್ಸೋದು ಸರೀನಾ? ಅಲ್ಲ. ಆ ಎಂಗ್ಸು ಆರೆ ಇಟ್ಕೊಂಡು ನಿಂತಿದ್ದು ಇನ್ನೂ ಕಣ್ಣಲ್ಲೇ ಅದೆ. ಎಲ್ಡರಲ್ಲಿ ಯಾವ್ದು ಸರಿ ಅಂತ ಯಾರನ್ನ ಕೇಳ್ಲಿ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಅವತ್ತು ಮೆಟ್ಲು ಮೇಲೆ ಚಿಕ್ಕತಾಯಮ್ಮ ಏನಂದ್ಲು ಸಾರ್?" ಎಂದು ಕೇಳಿದೆ.

"ಏನೂ ಅನ್ಲಿಲ್ಲ. ಸೊಪ್ಪು ಕೊಟ್ಲು, ದುಡ್ಡು ಈಸ್ಕೊಳ್ಳಿಲ್ಲ. ಆಮೇಲೆ ಒಂದ್ಸತಿ ಅವ್ಳೂರ್ಗೂ ಓಗಿದ್ದೆ. ತಗಡು ಇತ್ತು, ಅವ್ಳಿರ್ಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು ಕಣಮ್ಮ. ಬಯ್ಲಿ ಅಂತ ಅಲ್ಲೇ ಕುಂತೇ ಇದ್ದೆ."

ಹಾಲು-ತುಪ್ಪದ ದಿನ ನಾನೂ ಜವರಪ್ಪನೂ ಹೋದೆವು. ಗುಡ್ಡೆ ಮಣ್ಣಿನ ಮೇಲೆ ಎಲೆ ಹಾಸಿ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟಿದ್ದರು. ಬಂದವರು ಕಡಿಮೆ. ಕಚೇರಿಯಿಂದ ನಾವಿಬ್ಬರೇ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಪೋಸ್ಟ್‌ಮ್ಯಾನ್ ಸೈಕಲ್ ಕಂಡ್ರೆ ಎದ್ದು ಒಳಿಕ್ಕೋಗ್ಬುಡೋರು ಕಣಮ್ಮ. ಕಡೇಗಡೇಗೆ ಮದ್ವೆ ಕಾರ್ಡ್ ಬಂದ್ರೂ ಒಡೀತಿರ್ಲಿಲ್ಲ" ಎಂದರು. ಇನ್ನು ಮುಂದೆ ಬರುವ ಕಾಗದಗಳನ್ನು ನಾನೇ ನೋಡಿಕೊಡುತ್ತೇನೆ ಎಂದು ಹೇಳಿ ಬಂದೆ.

ಶ್ರೀರಂಗಪಟ್ಟಣದಲ್ಲಿ ನನ್ನ ಮನೆ. ಮಾರನೆಯ ದಿನ ಆಟೋ ಮಾಡಿಕೊಂಡು ಬಾಬುರಾಯನಕೊಪ್ಪಲಿಗೆ ಹೋದೆ. ಚಿಕ್ಕತಾಯಮ್ಮ ಈಗ ಅಕ್ಕನ ಊರಲ್ಲೇ ಇರುವುದು ನನಗೆ ಗೊತ್ತಿತ್ತು, ಈಚೆಗೆ ಮೈಸೂರು ರಸ್ತೆಯ ಬದಿಯಲ್ಲಿ ಒಂದೆರಡು ಸಲ ಕಂಡಿದ್ದಳು. ಅಲ್ಲೇ ಇದ್ದಳು, ಒಂದು ಹೊಂಗೆ ಮರದ ಕೆಳಗೆ. ತುಂಬಾ ಮುದುಕಿಯಾಗಿದ್ದಳು. ಅಕ್ಕನ ಮನೆ ಹೇಗಿದೆ ಎಂದೆ. ಅಕ್ಕ ಓದ ವರ್ಸವೇ ಓದ್ಲು, ಈಗ ಸೊಸೇದು ಯಜಮಾನ್ಕೆ, ನಾನು ಜಗ್ಲಿ ಮೇಲೆ ಎಂದಳು. ಲಾರಿ ಬಸ್ಸುಗಳ ಸದ್ದಿನಲ್ಲಿ ನಾನು ಬಂದ ವಿಷಯ ಹೇಳಿದೆ.

ಅವಳು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ಚಿಮುಕಿಸತೊಡಗಿದಳು. ನನಗೆ ತಡೆಯಲಾಗಲಿಲ್ಲ.

"ಅವರು ನೀನು ಬೈತೀಯ ಅಂತ ಕೊನೇತನಕ ಕಾದರು ಕಣೇ. ಒಂದು ಮಾತು ಬೈದುಬಿಡಬಾರದಾಗಿತ್ತಾ?"

"ಗೌರ್ಮೆಂಟು ಕೊಡ್ನಿಲ್ಲ ಅಂದಿದ್ರೆ ಅವತ್ತೇ ನಾಕ್ ಇಡಿ ಮಣ್ ತೂರಿ, ಬಾಯ್ತುಂಬಾ ಬಯ್ದು ಸುಮ್ಕಾಯ್ತಿದ್ದೆ" ಎಂದಳು. "ಗೌರ್ಮೆಂಟು ಯಾರಿಗ್ ತಾನೆ ಕೊಟ್ಟದೆ. ಆವಯ್ಯ ಬಂದು, ನಾನೇ ಕಣವ್ವ ಕೆಡಿಸ್ದೋನು ಅಂತ ಕಾಲ್ತಾವ ಕುಂತ್ಕಬುಟ್ಟ. ದಿನಾ ನನ್ ಕಷ್ಟ ಕೇಳ್ತಿದ್ದೋನು ಅವನೊಬ್ನೇ ಕಣವ್ವ. ಅವನ್ನೇ ಬಯ್ಯಾಕೆ ಬಾಯಿ ಎಲ್ ಬತ್ತದೆ?"

ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಬಯ್ದಿದ್ರೆ ಅವತ್ಗೇ ಮುಗ್ದೋಯ್ತಿತ್ತು. ಇಬ್ರಿಗೂವೆ."